ಕಾಲುಚೀಲದ ತುದಿಯಲ್ಲಿ ಒಬ್ಬ ಸೇನಾಪತಿಯ ಹೆಸರು: ‘ಕಿಚನರ್ ಸ್ಟಿಚ್’ ಎಲ್ಲಿಂದ ಬಂತು, ಈಗೇಕೆ ಬೇಡವಾಗುತ್ತಿದೆ?

ಕಾಲುಚೀಲ ಹೆಣೆಯುತ್ತಾ ಬೆರಳ ತುದಿಗೆ ಬಂದಾಗ ಎರಡು ಕಡ್ಡಿಗಳ ಮೇಲೆ 16-16 ಕುಣಿಕೆಗಳು ಉಳಿದಿರುತ್ತವೆ. ಹಿಮ್ಮಡಿ ತಿರುಗಿದೆ, ಪಾದ ಮುಗಿದಿದೆ, ಬಾಯಿ ಮಾತ್ರ ಮುಚ್ಚಿಲ್ಲ. ಎರಡೂ ಅಂಚನ್ನು ಒಟ್ಟಿಗೆ ಹಿಡಿದು ಸುಮ್ಮನೆ ಹೊಲಿದರೆ ಒಳಗಡೆ ದಪ್ಪ ಉಬ್ಬು ನಿಲ್ಲುತ್ತದೆ. ದಿನವಿಡೀ ಶೂ ಹಾಕಿಕೊಂಡು ನಡೆದವರಿಗೆ ಆ ಉಬ್ಬು ಏನು ಮಾಡುತ್ತದೆಂದು ಗೊತ್ತು: ಬೆರಳ ಮೇಲೆ ಕೆಂಪು ಗೆರೆ, ಮಾರನೆಯ ದಿನ ನೀರುಗುಳ್ಳೆ. ಅದಕ್ಕೇ ಹೆಣೆಯುವವರು ನೂಲನ್ನು ಸ್ವಲ್ಪ ಉದ್ದ ಬಿಟ್ಟು ಕತ್ತರಿಸಿ, ಮೊಂಡು ತುದಿಯ ಹೊಲಿಗೆ ಸೂಜಿಗೆ ಪೋಣಿಸಿ, ಎರಡೂ ಕಡ್ಡಿಗಳ ಕುಣಿಕೆಗಳ ನಡುವೆ ಆ ನೂಲನ್ನು ಓಡಿಸಿ ಅಂಚುಗಳನ್ನು ಒಂದಾಗಿಸುತ್ತಾರೆ. ಕೆಲಸ ಸರಿಯಾಗಿ ಆಗಿದ್ದರೆ ಕಾಲುಚೀಲ ಎಲ್ಲಿ ಮುಚ್ಚಿಕೊಂಡಿತು ಎನ್ನುವುದು ಕಣ್ಣಿಗೂ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ.

ನನಗೆ ಇದನ್ನು ಕಲಿಸಿದ ದೊಡ್ಡಮ್ಮ ಇದಕ್ಕೊಂದು ಹೆಸರು ಇದೆ ಎಂದೇ ಹೇಳಿರಲಿಲ್ಲ. ‘ತುದಿ ಕೂಡಿಸೋದು’ ಎನ್ನುತ್ತಿದ್ದರು, ಅಷ್ಟೆ. ಮುಂದೆ ಇಂಗ್ಲಿಷ್ ಮಾದರಿಗಳನ್ನು ಓದಲು ಶುರುಮಾಡಿದಾಗ ಕೊನೆಯ ಸಾಲಿನಲ್ಲಿ ಪದೇ ಪದೇ ಒಂದು ಮಾತು ಎದುರಾಗತೊಡಗಿತು: ‘ಕಿಚನರ್ ಸ್ಟಿಚ್‌ನಿಂದ ಮುಗಿಸಿ’. ಅಡುಗೆಮನೆಗೆ ಸಂಬಂಧಿಸಿದ್ದೇನೋ ಎಂದುಕೊಂಡಿದ್ದೆ. ಅಲ್ಲ. ಅದು ಬ್ರಿಟಿಷ್ ಫೀಲ್ಡ್ ಮಾರ್ಷಲ್ ಒಬ್ಬನ ಹೆಸರು. ಕಳೆದ ಕೆಲವು ವರ್ಷಗಳಿಂದ ಹೆಣಿಗೆಯ ಲೋಕದಲ್ಲಿ ಅನೇಕರು ಆ ಹೆಸರನ್ನು ಬಿಟ್ಟು ‘ಗ್ರಾಫ್ಟಿಂಗ್’ ಎಂದು ಬರೆಯುತ್ತಿದ್ದಾರೆ. ಇನ್ನು ಕೆಲವರು ಹೆಸರು ಬದಲಿಸುವುದು ಅತಿಯಾಯಿತು ಎನ್ನುತ್ತಿದ್ದಾರೆ. ಈ ಜಗಳ ಅರ್ಥವಾಗಬೇಕಾದರೆ ಮೊದಲು ಹೊಲಿಗೆ, ಆಮೇಲೆ ಮನುಷ್ಯ, ಕೊನೆಗೆ ಹೆಸರು, ಈ ಮೂರನ್ನೂ ಬೇರೆ ಬೇರೆ ಮಾಡಿ ನೋಡಬೇಕು.

ಹೊಲಿಗೆಯೇ ನಿಜಕ್ಕೂ ಸೊಗಸಾದದ್ದು, ಅದರಿಂದಲೇ ಶುರುಮಾಡುತ್ತೇನೆ. ಹೆಣಿಗೆಯ ಒಂದು ಸಾಲನ್ನು ಹತ್ತಿರದಿಂದ ನೋಡಿದರೆ ಅಲ್ಲಿರುವುದು ಒಂದೇ ನೂಲು. ಅದು ಹಾವಿನಂತೆ ಮೇಲೇರಿ, ತಿರುಗಿ, ಕೆಳಗಿಳಿದು, ಕೆಳಗಿನ ಸಾಲಿನ ಕುಣಿಕೆಗಳ ಒಳಗಿಂದ ಹಾದು ಹೋಗುತ್ತಿರುತ್ತದೆ. ಕಡ್ಡಿಯಿಂದ ಹೆಣೆದಾಗ ಈ ದಾರಿ ತಾನಾಗಿಯೇ ಮೂಡುತ್ತದೆ. ಎರಡು ಅಂಚುಗಳು ಎದುರುಬದುರಾಗಿ ನಿಂತಾಗ ಮಾತ್ರ ಕಡ್ಡಿಗೆ ಅಲ್ಲಿ ಜಾಗವಿಲ್ಲ. ಆಗ ನಾವು ಆ ಒಂದು ಸಾಲನ್ನು ಸೂಜಿಯಿಂದ ಬರೆಯುತ್ತೇವೆ. ನೂಲು ಯಾವ ದಾರಿಯಲ್ಲಿ ಹೋಗುತ್ತಿತ್ತೋ ಅದೇ ದಾರಿಯಲ್ಲಿ ಅದನ್ನು ಕೈಹಿಡಿದು ನಡೆಸುತ್ತೇವೆ. ಹೊಲಿಗೆ ಎಂದು ಕರೆದರೂ ಕೊನೆಗೆ ಉಳಿಯುವುದು ಹೆಣಿಗೆಯ ಇನ್ನೊಂದು ಸಾಲೇ.

ಕೆಲಸದ ಕ್ರಮವನ್ನು ಹೆಣಿಗೆಯ ಎರಡು ಮೂಲ ಕುಣಿಕೆಗಳಾದ ನಿಟ್ (ಸುಲಟಾ), ಪರ್ಲ್ (ಉಲಟಾ) ಹೆಸರಲ್ಲಿ ಮಂತ್ರದಂತೆ ಹೇಳಿಕೊಳ್ಳುವುದು ಎಲ್ಲರಿಗೂ ರೂಢಿ. ಮುಂದಿನ ಕಡ್ಡಿ: ನಿಟ್, ಬಿಡು, ಪರ್ಲ್, ಇರಲಿ. ಹಿಂದಿನ ಕಡ್ಡಿ: ಪರ್ಲ್, ಬಿಡು, ನಿಟ್, ಇರಲಿ. ಅಂದರೆ ಮುಂದಿನ ಕಡ್ಡಿಯ ಮೊದಲ ಕುಣಿಕೆಗೆ ನಿಟ್ ಮಾಡುವ ದಿಕ್ಕಿನಲ್ಲಿ ಸೂಜಿ ತೂರಿಸಿ ಅದನ್ನು ಕಡ್ಡಿಯಿಂದ ಇಳಿಸಬೇಕು. ಪಕ್ಕದ ಕುಣಿಕೆಗೆ ಪರ್ಲ್ ಮಾಡುವ ದಿಕ್ಕಿನಲ್ಲಿ ತೂರಿಸಿ ಅಲ್ಲೇ ಬಿಡಬೇಕು. ಹಿಂದಿನ ಕಡ್ಡಿಯಲ್ಲಿ ಇದೇ ತಿರುವುಮುರುವು. ಪ್ರತಿ ಕುಣಿಕೆಗೂ ಸೂಜಿ ಎರಡು ಸಲ ಬರುತ್ತದೆ, ಒಮ್ಮೆ ಹಿಡಿದುಕೊಳ್ಳಲು, ಇನ್ನೊಮ್ಮೆ ಬಿಡಿಸಲು. ನಡುವೆ ಯಾರಾದರೂ ಮಾತಾಡಿಸಿದರೆ ಮುಗಿಯಿತು. ಒಂದು ದಿಕ್ಕು ತಪ್ಪಿದರೆ ನಯವಾದ ಬಟ್ಟೆಯ ನಡುವೆ ಪುಟ್ಟ ಗಂಟಿನಂಥದ್ದು ನಿಂತು, ಕಾಲುಚೀಲ ತೊಳೆದು ಒಣಗಿದ ಮೇಲೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ನಾನು ಹಾಗೆ ತಪ್ಪಿದ್ದನ್ನು ಬಿಚ್ಚುವಾಗ ಗಮನಿಸಿದ್ದು: ನೂಲನ್ನು ಬಿಗಿಯಾಗಿ ಎಳೆದಿದ್ದರೆ ಸೂಜಿಯ ಮೊನೆಯಿಂದ ಒಂದೊಂದೇ ಎಳೆಯನ್ನು ಹೆಕ್ಕಬೇಕು, ಸಡಿಲ ಬಿಟ್ಟು, ಕೊನೆಯಲ್ಲಿ ಒಂದೊಂದು ಕುಣಿಕೆಯನ್ನೂ ಪಕ್ಕದ್ದರ ಅಳತೆಗೆ ಎಳೆದು ಸರಿಪಡಿಸಿದರೆ ತಪ್ಪೂ ಸಿಗುತ್ತದೆ, ಹೊಲಿಗೆಯೂ ಚೆನ್ನಾಗಿ ಕೂರುತ್ತದೆ.

ಇದಕ್ಕೊಂದು ಮಿತಿಯೂ ಇದೆ. ಎದುರುಬದುರು ನಿಂತ ಎರಡು ಅಂಚುಗಳ ಕುಣಿಕೆಗಳು ತಲೆಗೆ ತಲೆ ಸೇರುವುದರಿಂದ ಒಂದು ಬದಿ ಅರ್ಧ ಕುಣಿಕೆಯಷ್ಟು ಜರುಗುತ್ತದೆ. ಸಾದಾ ಹೆಣಿಗೆಯಲ್ಲಿ ಇದು ಕಾಣಿಸುವುದಿಲ್ಲ. ಉಬ್ಬು-ತಗ್ಗಿನ ಪಟ್ಟೆ ಇರುವ ಹೆಣಿಗೆಯಲ್ಲಿ ಪಟ್ಟೆಗಳು ಅಲ್ಲಿ ಅರ್ಧ ಹೆಜ್ಜೆ ತಪ್ಪಿ ನಿಲ್ಲುತ್ತವೆ; ಎಷ್ಟೇ ಪಳಗಿದ ಕೈಯಾದರೂ ಅದನ್ನು ತಪ್ಪಿಸಲಾಗದು. ಕಾಲುಚೀಲವನ್ನು ಬೆರಳಿನಿಂದಲೇ ಶುರುಮಾಡಿ ಮೇಲಕ್ಕೆ ಹೆಣೆಯುವವರಿಗಂತೂ ಈ ಹೊಲಿಗೆಯೇ ಬೇಕಾಗುವುದಿಲ್ಲ.

ಇನ್ನು ಆ ಮನುಷ್ಯ. ಹೊರೇಶಿಯೊ ಹರ್ಬರ್ಟ್ ಕಿಚನರ್ ಹುಟ್ಟಿದ್ದು 1850ರಲ್ಲಿ, ಐರ್ಲೆಂಡಿನ ಕೆರ್ರಿ ಕೌಂಟಿಯಲ್ಲಿ. 1898ರ ಸೆಪ್ಟೆಂಬರ್‌ನಲ್ಲಿ ಸುಡಾನಿನ ಓಮ್ದುರ್ಮಾನ್ ಕಾಳಗದಲ್ಲಿ ಅವನ ಸೈನ್ಯದ ಮೆಷಿನ್ ಗನ್ನುಗಳು, ಫಿರಂಗಿಗಳು ಒಂದೇ ದಿನದಲ್ಲಿ ಸುಮಾರು 10,000 ಸುಡಾನಿಗಳನ್ನು ಕೊಂದವು. ಆಮೇಲೆ ದಕ್ಷಿಣ ಆಫ್ರಿಕಾ. 1902ರಿಂದ 1909ರವರೆಗೆ ಭಾರತದಲ್ಲಿ ಬ್ರಿಟಿಷ್ ಸೇನೆಯ ಮುಖ್ಯಸ್ಥ. ವೈಸ್‌ರಾಯ್ ಕರ್ಜನ್ ಜೊತೆ ಸೇನಾಧಿಕಾರದ ವಿಚಾರಕ್ಕೆ ಜಿದ್ದಿಗೆ ಬಿದ್ದು, 1905ರಲ್ಲಿ ಕರ್ಜನ್ ರಾಜೀನಾಮೆ ಕೊಡುವಂತಾದದ್ದೂ ಇವನಿಂದಲೇ. 1914ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಯುದ್ಧಮಂತ್ರಿ. ದಪ್ಪ ಮೀಸೆಯ ಮುಖ, ನಿಮ್ಮತ್ತಲೇ ಚಾಚಿದ ಬೆರಳು: ಕಲಾವಿದ ಆಲ್ಫ್ರೆಡ್ ಲೀಟ್ ಬರೆದ ಆ ಸೇನಾ ಭರ್ತಿಯ ಚಿತ್ರವನ್ನು ನೋಡದವರು ಕಡಿಮೆ. ಅದು ಇದೇ ಕಿಚನರ್.

ಕಾಲುಚೀಲದ ಕಥೆ ಹುಟ್ಟುವುದು ಈ ಕೊನೆಯ ಘಟ್ಟದಲ್ಲಿ. ಜನ ಹೇಳುವುದು ಹೀಗೆ: ಕಾಲುಚೀಲದ ತುದಿಯ ಹೊಲಿಗೆ ಉಜ್ಜಿ ಸೈನಿಕರ ಬೆರಳುಗಳಿಗೆ ಗಾಯವಾಗುತ್ತಿತ್ತು, ಇದನ್ನು ಕಂಡ ಕಿಚನರ್ ಹೊಲಿಗೆಯೇ ಇಲ್ಲದೆ ತುದಿ ಮುಚ್ಚುವ ಕ್ರಮವೊಂದನ್ನು ರೂಪಿಸಿ ರೆಡ್ ಕ್ರಾಸ್ ಮೂಲಕ ಹೆಣೆಯುವ ಹೆಂಗಸರಿಗೆ ತಲುಪಿಸಿದ. ಕೇಳಲು ಚೆಂದದ ಕಥೆ, ಅದರ ಒಂದು ಭಾಗ ನಿಜವೂ ಹೌದು. ಕಂದಕಗಳಲ್ಲಿ ನಡೆದ ಮೊದಲ ಮಹಾಯುದ್ಧದಲ್ಲಿ ಕಾಲು ನಿಜಕ್ಕೂ ಜೀವ-ಸಾವಿನ ವಿಚಾರವಾಗಿತ್ತು. 1914-15ರ ಚಳಿಗಾಲವೊಂದರಲ್ಲೇ ಸುಮಾರು 20,000 ಬ್ರಿಟಿಷ್ ಸೈನಿಕರು ‘ಟ್ರೆಂಚ್ ಫುಟ್’ ಎಂಬ ರೋಗಕ್ಕೆ ಚಿಕಿತ್ಸೆ ಪಡೆದರು. ಮೊಣಕಾಲವರೆಗಿನ ತಣ್ಣನೆಯ ಕೆಸರಲ್ಲಿ ದಿನಗಟ್ಟಲೆ ನಿಂತು ಪಾದದ ರಕ್ತ ಸಂಚಾರ ನಿಂತು, ಚರ್ಮ ಕೊಳೆತು, ಕೆಲವರಿಗೆ ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾಗುತ್ತಿತ್ತು. ಔಷಧಿಯಿಲ್ಲದ ಆ ಕಾಯಿಲೆಗೆ ಇದ್ದ ಉಪಾಯ ಇಷ್ಟೇ: ಪಾದ ಒರೆಸಿ, ತಿಮಿಂಗಿಲದ ಎಣ್ಣೆ ಹಚ್ಚಿ ತಿಕ್ಕಿ, ಒಣಗಿದ ಕಾಲುಚೀಲ ಹಾಕುವುದು. ಹಾಗಾಗಿ ಕಾಲುಚೀಲ ಎಷ್ಟಿದ್ದರೂ ಸಾಲದು.

ಕಿಚನರ್ ಕಾಲುಚೀಲ ಕೇಳಿದ್ದೂ ನಿಜ. 1914ರ ಶರತ್ಕಾಲದಲ್ಲಿ ಅವನ ಕೋರಿಕೆಯ ಮೇರೆಗೆ ರಾಣಿ ಮೇರಿ 3,00,000 ಜೊತೆ ಕಾಲುಚೀಲಗಳನ್ನೂ ಅಷ್ಟೇ ಸಂಖ್ಯೆಯ ಉಣ್ಣೆಯ ಹೊಟ್ಟೆಪಟ್ಟಿಗಳನ್ನೂ ಒದಗಿಸುವಂತೆ ಹೆಂಗಸರಿಗೆ ಕರೆ ಕೊಟ್ಟರು. ಕಡ್ಡಿ ಹಿಡಿಯಬಲ್ಲವರೆಲ್ಲ ಹೆಣೆದರು. ಯುದ್ಧಕಾಲದ ಮಾದರಿಗಳಲ್ಲಿ ‘ಕಿಚನರ್ ಸಾಕ್’, ‘ಕಿಚನರ್ ಟೋ’ ಎಂಬ ಹೆಸರುಗಳು ಓಡಾಡತೊಡಗಿದವು.

ಅವನೇ ಇದನ್ನು ಕಂಡುಹಿಡಿದ ಎನ್ನುವುದಕ್ಕೆ ಮಾತ್ರ ಯಾವ ಆಧಾರವೂ ಇಲ್ಲ. ಅವನು ಕಡ್ಡಿ ಹಿಡಿದವನೆಂದು ತೋರಿಸುವ ಕಾಗದವಿಲ್ಲ. ಅದಕ್ಕಿಂತ ಗಟ್ಟಿಯಾದ ಮಾತೆಂದರೆ ಈ ಹೊಲಿಗೆ ಆ ಯುದ್ಧಕ್ಕಿಂತ ಹಳೆಯದು. 19ನೇ ಶತಮಾನದ ಕೈಕೆಲಸದ ಪುಸ್ತಕಗಳಲ್ಲೇ ಎರಡು ಹೆಣಿಗೆಯ ಅಂಚುಗಳನ್ನು ಕುಣಿಕೆಗೆ ಕುಣಿಕೆ ಸೇರಿಸುವ ಕೆಲಸವನ್ನು ‘ಗ್ರಾಫ್ಟಿಂಗ್’ ಎಂದು ವಿವರಿಸಿದ್ದಾರೆ. ಹಿಮ್ಮಡಿ ಸವೆದ ಕಾಲುಚೀಲಕ್ಕೆ ಹೊಸ ತುಂಡು ಹೆಣೆದು ಕೂಡಿಸಲು ಇದು ಬೇಕಾಗುತ್ತಿತ್ತು. ಕಾಲುಚೀಲವನ್ನು ಎಸೆಯದೆ ವರ್ಷಗಟ್ಟಲೆ ದುರಸ್ತಿ ಮಾಡುತ್ತಿದ್ದ ಕಾಲದಲ್ಲಿ ಅದು ಮನೆಯ ಹೆಣ್ಣುಮಕ್ಕಳಿಗೆ ಬರಲೇಬೇಕಾದ ಕೆಲಸ. ಬ್ರಿಟನ್ನಿನ ಮಾದರಿಗಳಲ್ಲಿ ಇವತ್ತಿಗೂ ಹೆಚ್ಚಾಗಿ ಕಾಣುವುದು ‘ಗ್ರಾಫ್ಟ್’ ಎಂಬ ಮಾತೇ. ‘ಕಿಚನರ್’ ಗಟ್ಟಿಯಾಗಿ ನೆಲೆಯೂರಿದ್ದು ಅಟ್ಲಾಂಟಿಕ್‌ನ ಆಚೆ ದಡದಲ್ಲಿ.

ಹೆಸರು ಅಂಟಿಕೊಂಡ ಕಾಲವೂ ಅಂಥದ್ದು. 1916ರ ಜೂನ್ 5ರಂದು ಕಿಚನರ್ ರಷ್ಯಾಕ್ಕೆ ಹೊರಟಿದ್ದ ‘ಹ್ಯಾಂಪ್‌ಶೈರ್’ ಎಂಬ ಯುದ್ಧನೌಕೆ ಆರ್ಕ್ನಿ ದ್ವೀಪಗಳ ಪಶ್ಚಿಮಕ್ಕೆ ಜರ್ಮನರು ಸಮುದ್ರದಲ್ಲಿ ಹುದುಗಿಸಿದ್ದ ಸಿಡಿಗುಂಡಿಗೆ ತಾಗಿ ಮುಳುಗಿತು. ಬದುಕುಳಿದವರು 12 ಮಂದಿ, ಅವರಲ್ಲಿ ಅವನಿರಲಿಲ್ಲ. ಅದೇ ಹೊತ್ತಿಗೆ ಕೆನಡಾದ ಒಂಟಾರಿಯೊ ಪ್ರಾಂತದ ಬರ್ಲಿನ್ ಎಂಬ ಊರು ತನ್ನ ಜರ್ಮನ್ ಹೆಸರನ್ನು ಕಳಚಿಕೊಳ್ಳಲು ಹೊರಟಿತ್ತು. ಆ ಮೇ ತಿಂಗಳಲ್ಲಿ ನಡೆದ ಜನಮತದಲ್ಲಿ ಹೆಸರು ಬದಲಿಸಬೇಕೆಂದವರು ಗೆದ್ದದ್ದು 100ಕ್ಕಿಂತ ಕಡಿಮೆ ಮತಗಳ ಅಂತರದಿಂದ. ಸೆಪ್ಟೆಂಬರ್ ಹೊತ್ತಿಗೆ ಊರಿನ ಹೆಸರು ಕಿಚನರ್ ಎಂದಾಯಿತು, ಇಂದಿಗೂ ಅದೇ. ಈ ಸಂಗತಿ ಈಗಿನ ವಾದಕ್ಕೆ ನೇರವಾಗಿ ಸಂಬಂಧಿಸಿದ್ದು. ಹೆಸರು ಬದಲಿಸುವುದು ಇಂದಿನವರ ಗೀಳು ಎನ್ನುವವರು, ಈ ಹೆಸರು ಬಂದದ್ದೇ ಹೆಸರು ಬದಲಿಸುವ ಕಾಲದಲ್ಲಿ ಎನ್ನುವುದನ್ನು ಮರೆಯುತ್ತಾರೆ. 2020ರಲ್ಲಿ ಆ ಊರಿನ ಹೆಸರನ್ನೂ ಬದಲಿಸಬೇಕೆಂಬ ಮನವಿ ಎದ್ದಿತ್ತು.

ಕಿಚನರ್ ಹೆಸರು ಬೇಡ ಎನ್ನುವವರು ಮುಖ್ಯವಾಗಿ ತೋರಿಸುವುದು ಓಮ್ದುರ್ಮಾನ್ ಅನ್ನೂ ಅಲ್ಲ, ಮೊದಲ ಮಹಾಯುದ್ಧವನ್ನೂ ಅಲ್ಲ. ಅವರು ತೋರಿಸುವುದು ದಕ್ಷಿಣ ಆಫ್ರಿಕಾದ ಕಡೆಗೆ.

1899ರಲ್ಲಿ ಶುರುವಾದ ಎರಡನೆಯ ಬೋಯರ್ ಯುದ್ಧದಲ್ಲಿ ಬೋಯರ್ (ಅಲ್ಲಿ ನೆಲೆಸಿದ್ದ ಡಚ್ ಮೂಲದ ರೈತ ಜನ) ಪಡೆಗಳು ನೇರ ಕಾಳಗ ಬಿಟ್ಟು ಗೆರಿಲ್ಲಾ ಹೋರಾಟಕ್ಕೆ ಇಳಿದವು. ಹೊಲಮನೆಗಳಿಂದ ಅವರಿಗೆ ಊಟ, ಕುದುರೆ, ಸುದ್ದಿ ಸಿಗುತ್ತಿತ್ತು. ಹಾಗೆ ಸಿಗದಂತೆ ಮಾಡಲು ಬ್ರಿಟಿಷರು ಹೊಲಮನೆಗಳನ್ನೇ ಸುಟ್ಟರು, ದನ-ಕುರಿಗಳನ್ನು ಕೊಂದರು, ಹೆಂಗಸರು-ಮಕ್ಕಳನ್ನು ಗಾಡಿ ಹತ್ತಿಸಿ ಡೇರೆಗಳ ಶಿಬಿರಗಳಿಗೆ ಸಾಗಿಸಿದರು. ಇದನ್ನು ಆರಂಭಿಸಿದ್ದು ಕಿಚನರ್‌ಗಿಂತ ಮೊದಲಿನ ದಂಡನಾಯಕ ಲಾರ್ಡ್ ರಾಬರ್ಟ್ಸ್. ನ್ಯಾಯವಾಗಿ ಮಾತಾಡುವುದಾದರೆ ಅದನ್ನೂ ಹೇಳಬೇಕು. 1900ರ ನವೆಂಬರ್ ಕೊನೆಗೆ ಅಧಿಕಾರ ವಹಿಸಿಕೊಂಡ ಕಿಚನರ್ ಇದನ್ನು ಇಡೀ ನಾಡಿಗೆ ಹಬ್ಬಿಸಿದ. ಸುಟ್ಟ ಹೊಲಮನೆಗಳು ಸುಮಾರು 30,000. ಆ ಡೇರೆಗಳಿಗೆ ಅಂಟಿದ ಹೆಸರು ‘ಕಾನ್ಸಂಟ್ರೇಷನ್ ಕ್ಯಾಂಪ್’.

ಅಲ್ಲಿ ದಡಾರ, ಟೈಫಾಯ್ಡ್, ರಕ್ತಭೇದಿ ಹಬ್ಬಿದವು. ನೀರು ಕೊಳಕು, ಊಟ ಅರೆಹೊಟ್ಟೆ, ಸೋಪು ಸಿಗುತ್ತಿರಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 28,000 ಬೋಯರ್ ಜನ ಸತ್ತಿದ್ದರು. ಅವರಲ್ಲಿ 22,000ಕ್ಕೂ ಹೆಚ್ಚು ಜನ 16 ವರ್ಷದೊಳಗಿನ ಮಕ್ಕಳು. ಕರಿಯ ಆಫ್ರಿಕನ್ನರನ್ನು ಬೇರೆಯೇ ಶಿಬಿರಗಳಲ್ಲಿ ಕೂಡಿಹಾಕಿದ್ದರು. ಅಲ್ಲಿಯ ಸಾವುಗಳನ್ನು ಸರಿಯಾಗಿ ಬರೆದಿಡುವಷ್ಟು ಲಕ್ಷ್ಯವೂ ಯಾರಿಗೂ ಇರಲಿಲ್ಲ. ಹಾಗಿದ್ದೂ ಲೆಕ್ಕಕ್ಕೆ ಸಿಕ್ಕಿದ್ದೇ 14,000ಕ್ಕಿಂತ ಹೆಚ್ಚು.

ಈ ಸಂಗತಿ ಹೊರಬಂದದ್ದು ಎಮಿಲಿ ಹಾಬ್‌ಹೌಸ್ ಎಂಬ ಇಂಗ್ಲಿಷ್ ಮಹಿಳೆಯಿಂದ. 1901ರ ಜನವರಿಯಲ್ಲಿ ಅವರು ಬ್ಲೂಮ್‌ಫಾಂಟೇನ್ ಶಿಬಿರಕ್ಕೆ ಹೋಗಿ, ಡೇರೆಯಿಂದ ಡೇರೆಗೆ ನಡೆದು, ಕಂಡದ್ದನ್ನು ಬರೆದು, ಆ ಜೂನ್‌ನಲ್ಲಿ ಲಂಡನ್ನಿನಲ್ಲಿ ವರದಿ ಹೊರತಂದರು. ಅದೇ ತಿಂಗಳು ಲಿಬರಲ್ ನಾಯಕ ಕ್ಯಾಂಬೆಲ್-ಬ್ಯಾನರ್ಮನ್ ಇದನ್ನು ಅನಾಗರಿಕ ಯುದ್ಧವಿಧಾನವೆಂದು ಬಹಿರಂಗವಾಗಿ ಖಂಡಿಸಿದ. ಅಕ್ಟೋಬರ್‌ನಲ್ಲಿ ಎಮಿಲಿ ಮತ್ತೆ ಕೇಪ್‌ಟೌನಿಗೆ ಬಂದಾಗ ಅವರನ್ನು ದಡಕ್ಕೆ ಇಳಿಯಗೊಡದೆ ವಾಪಸು ಅಟ್ಟಿದರು. ಮಕ್ಕಳು ಅತಿ ಹೆಚ್ಚು ಸತ್ತದ್ದು ಅದೇ ತಿಂಗಳಲ್ಲಿ. ಆ ಬಳಿಕ ಮಿಲಿಸೆಂಟ್ ಫಾಸೆಟ್ ಮುಂದಾಳುತನದ ಮಹಿಳಾ ಆಯೋಗ ಹೇಳಿದ ಸುಧಾರಣೆಗಳು ಬಂದು, ಶಿಬಿರಗಳ ಆಡಳಿತ ಸೈನ್ಯದ ಕೈಯಿಂದ ನಾಗರಿಕ ಅಧಿಕಾರಿಗಳಿಗೆ ಹೋದ ಮೇಲೆ ಸಾವಿನ ಸಂಖ್ಯೆ ಕೆಲವೇ ತಿಂಗಳಲ್ಲಿ ಬಿರುಸಾಗಿ ಇಳಿಯಿತು. ನನಗೆ ಎಲ್ಲಕ್ಕಿಂತ ಭಾರವಾಗಿ ಕಾಣುವುದು ಇದೇ. ನೀರು, ಊಟ, ಔಷಧಿ ಸರಿಯಾದರೆ ಸಾವು ನಿಲ್ಲುತ್ತಿತ್ತು ಎಂದಮೇಲೆ, ಅದಕ್ಕೂ ಮೊದಲು ಸತ್ತ ಮಕ್ಕಳನ್ನು ಯುದ್ಧದ ಅನಿವಾರ್ಯ ಎಂದು ಬರೆಯಲು ಬರುವುದಿಲ್ಲ.

ಯುದ್ಧದ ನಂತರ ಎಮಿಲಿ ಹಾಬ್‌ಹೌಸ್ ಏನು ಮಾಡಿದರು ಎನ್ನುವುದು ಉಣ್ಣೆ ಹಿಡಿಯುವ ಎಲ್ಲರಿಗೂ ಗೊತ್ತಿರಬೇಕು. ಮನೆ, ಹೊಲ, ಕುರಿ ಎಲ್ಲ ಕಳೆದುಕೊಂಡ ಕುಟುಂಬಗಳ ಹುಡುಗಿಯರಿಗಾಗಿ ಅವರು 1905ರಲ್ಲಿ ಫಿಲಿಪೊಲಿಸ್ ಎಂಬಲ್ಲಿ ನೂಲುವ, ನೇಯುವ ಶಾಲೆಯೊಂದನ್ನು ತೆರೆದರು. ಆಮೇಲೆ ಅಂಥ ಶಾಲೆಗಳು ಬೇರೆ ಕಡೆಗಳಿಗೂ ಹಬ್ಬಿದವು. ಅವರು 1926ರಲ್ಲಿ ತೀರಿಕೊಂಡಾಗ ಚಿತಾಭಸ್ಮವನ್ನು ಬ್ಲೂಮ್‌ಫಾಂಟೇನ್‌ಗೆ ತಂದು, ಶಿಬಿರಗಳಲ್ಲಿ ಸತ್ತ ಹೆಂಗಸರು-ಮಕ್ಕಳ ಸ್ಮಾರಕದ ಬುಡದಲ್ಲಿ ಇಟ್ಟರು. ನೂಲಿನ ಕೆಲಸಕ್ಕೆ ಹೀಗೆ ಕೈ ಹಾಕಿದವರ ಹೆಸರು ನಾನು ಕಂಡ ಹೆಣಿಗೆಯ ಪುಸ್ತಕಗಳಲ್ಲಿ ಎಲ್ಲೂ ಇಲ್ಲ.

ಹಾಗಾದರೆ ಮುಂದೆ ತೆರೆಯುವ ಸ್ವೆಟರಿಗೆ ‘ಕಾರ್ಡಿಗನ್’ ಎನ್ನುವುದನ್ನೂ ಬಿಡಬೇಕಲ್ಲ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಉಣ್ಣೆಯ ಶಬ್ದಕೋಶದ ತುಂಬ ಕ್ರಿಮಿಯಾ ಯುದ್ಧವೇ ಇದೆ. 1854ರ ಅಕ್ಟೋಬರ್ 25ರಂದು ಬಾಲಾಕ್ಲಾವಾದಲ್ಲಿ ಲೈಟ್ ಬ್ರಿಗೇಡ್ ಕುದುರೆ ಪಡೆಯನ್ನು ರಷ್ಯನ್ ಫಿರಂಗಿಗಳ ಬಾಯಿಗೆ ನಡೆಸಿದವನು ಕಾರ್ಡಿಗನ್‌ನ 7ನೇ ಅರ್ಲ್; ಅವನ ಮೇಲಿದ್ದ ದಂಡನಾಯಕ ಲಾರ್ಡ್ ರಾಗ್ಲನ್, ವಾಟರ್ಲೂನಲ್ಲಿ ಬಲಗೈ ಕಳೆದುಕೊಂಡವನು. ಕಾರ್ಡಿಗನ್ ಎಂಬ ಸ್ವೆಟರ್, ರಾಗ್ಲನ್ ಎಂಬ ನಮೂನೆಯ ತೋಳು, ಬಾಲಾಕ್ಲಾವಾ ಎಂಬ ಮಂಕಿ ಕ್ಯಾಪು, ಮೂರಕ್ಕೂ ಅದೇ ಯುದ್ಧದ ಹೆಸರುಗಳು. ಆದರೆ ನನ್ನ ಎಣಿಕೆಯಲ್ಲಿ ಇಲ್ಲೊಂದು ವ್ಯತ್ಯಾಸವಿದೆ. ಕಾರ್ಡಿಗನ್ ಎಂಬುದು ಈಗ ಬಟ್ಟೆಯ ಹೆಸರು, ಅದಕ್ಕೆ ಬದಲಿ ಶಬ್ದ ಹುಡುಕಬೇಕು. ಕಿಚನರ್ ಸ್ಟಿಚ್‌ಗೆ ಬದಲಿ ಹುಡುಕುವ ಅಗತ್ಯವೇ ಇಲ್ಲ, ಅದಕ್ಕಿಂತ ಹಳೆಯ, ಅದಕ್ಕಿಂತ ಸ್ಪಷ್ಟವಾದ ಶಬ್ದ ಬಳಕೆಯಲ್ಲೇ ಇದೆ. ಮೇಲಾಗಿ ಇದರ ಜೊತೆಗಿರುವ ಕಥೆ, ಹೆಂಗಸರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸವನ್ನು ಒಬ್ಬ ಸೇನಾಪತಿ ಕಂಡುಹಿಡಿದನೆಂದು ಹೇಳುತ್ತದೆ. ಶಿಬಿರಗಳ ಮಾತನ್ನು ಪಕ್ಕಕ್ಕಿಟ್ಟರೂ ಆ ಸುಳ್ಳು ಹಾಗೇ ಉಳಿಯುತ್ತದೆ.

ಇತಿಹಾಸ ಅಳಿಸಿಹೋಗುತ್ತದೆ ಎಂಬ ಆಕ್ಷೇಪಕ್ಕೂ ನಾನು ಒಪ್ಪುವುದಿಲ್ಲ. ಸುಮಾರು ನೂರು ವರ್ಷ ಈ ಹೆಸರು ಮಾದರಿಗಳಲ್ಲಿತ್ತಲ್ಲ, ಅದನ್ನು ಓದಿದ ಎಷ್ಟು ಜನಕ್ಕೆ ಬ್ಲೂಮ್‌ಫಾಂಟೇನ್ ಗೊತ್ತಾಯಿತು? ಹೆಸರು ಹೇಳುತ್ತಿದ್ದದ್ದು ದಯಾಳು ದಂಡನಾಯಕನ ಕಾಲುಚೀಲದ ಕಥೆಯನ್ನು ಮಾತ್ರ. ಅದು ಬೇಡ ಎಂದು ಕೆಲವರು ಜಗಳ ತೆಗೆದ ಮೇಲೆಯೇ ನನ್ನಂಥವರು ಶಿಬಿರಗಳ ಬಗ್ಗೆ ಓದಿದ್ದು.

ಒಂದು ಆಕ್ಷೇಪ ಮಾತ್ರ ನನಗೆ ತೂಕದ್ದೆನಿಸುತ್ತದೆ. ಹೊಸಬರು ಏನನ್ನು ಹುಡುಕಬೇಕು? ಹಳೆಯ ಮಾದರಿಗಳು, ವಿಡಿಯೊಗಳು ಬಹಳಷ್ಟು ‘ಕಿಚನರ್’ ಎಂದೇ ಇವೆ. ‘ಗ್ರಾಫ್ಟಿಂಗ್’ ಎಂದರೆ ಸಾದಾ ಹೆಣಿಗೆಯನ್ನಷ್ಟೇ ಅಲ್ಲ, ಬೇರೆ ಬೇರೆ ನಮೂನೆಗಳನ್ನು ಸೇರಿಸುವ ಕೆಲಸವನ್ನೂ ಸೂಚಿಸುವುದರಿಂದ ಸ್ವಲ್ಪ ಗೊಂದಲವೂ ಆಗುತ್ತದೆ. ಇದು ನಿಜವಾದ ತೊಂದರೆ. ಆದರೆ ಮಾದರಿಯಲ್ಲಿ ಒಂದು ಸಾಲು ವಿವರ ಸೇರಿಸಿದರೆ ತೀರುವ ತೊಂದರೆ. ಜರ್ಮನರು ಕುಣಿಕೆಯ ಹೊಲಿಗೆ ಎಂಬರ್ಥದ ‘ಮಾಶೆನ್‌ಸ್ಟಿಷ್’ ಎಂಬ ಶಬ್ದದಲ್ಲೇ ಈ ಕೆಲಸವನ್ನು ಹೇಳುತ್ತಾರೆ, ಅಲ್ಲಿ ಯಾವ ದಂಡನಾಯಕನೂ ಬೇಕಾಗಿಲ್ಲ.

ಕನ್ನಡದಲ್ಲಿ ಬರೆಯುವವರಿಗಂತೂ ದಾರಿ ಇನ್ನೂ ಸಲೀಸು. ‘ಗ್ರಾಫ್ಟ್’ ಶಬ್ದ ಹೆಣಿಗೆಗೆ ಬಂದದ್ದು ತೋಟಗಾರಿಕೆಯಿಂದ. ಅದರ ಬೇರು ಗ್ರೀಕ್ ಭಾಷೆಯಲ್ಲಿ ಬರೆಯುವ ಕಡ್ಡಿಗೆ ಇದ್ದ ಹೆಸರು. ಗಿಡದ ಸೀಳಿಗೆ ತೂರಿಸಲು ಚೂಪಾಗಿ ಕೆತ್ತಿದ ಚಿಗುರು ಆ ಕಡ್ಡಿಯಂತೆ ಕಾಣುತ್ತಿದ್ದುದರಿಂದ ಹೆಸರು ಗಿಡಕ್ಕೆ ದಾಟಿತು. ಆ ತೋಟದ ಕೆಲಸಕ್ಕೆ ನಮ್ಮಲ್ಲಿ ‘ಕಸಿ’ ಎಂಬ ಶಬ್ದ ಇದ್ದೇ ಇದೆ. ಎರಡು ಜೀವಂತ ಅಂಚುಗಳನ್ನು ಕೂಡಿಸಿ, ಕೂಡಿದ ಜಾಗ ಮಾಯವಾಗುವಂತೆ ಒಂದೇ ಆಗಿ ಬೆಳೆಸುವುದು. ಕಡ್ಡಿಯ ಮೇಲೆ ಇನ್ನೂ ಮುಚ್ಚದೆ ಇರುವ ಕುಣಿಕೆಗಳನ್ನು ಇಂಗ್ಲಿಷಿನಲ್ಲೂ ಜೀವಂತ ಕುಣಿಕೆ ಎಂದೇ ಕರೆಯುತ್ತಾರೆ, ಹಾಗಾಗಿ ಹೋಲಿಕೆ ಪೂರಾ ಕೂಡಿ ಬರುತ್ತದೆ. ಕಸಿ ಎಂದರೆ ಕಿತ್ತುಕೊಳ್ಳುವುದು ಎಂಬ ಅರ್ಥವೂ ಇದೆಯಲ್ಲ ಎಂದು ಗೆಳತಿಯೊಬ್ಬಳು ಕೇಳಿದಳು. ಇದೆ. ಕಸಿ ಮಾವು ಎಂದಾಗ ಯಾರಿಗೂ ಕಳ್ಳತನ ನೆನಪಾಗುವುದಿಲ್ಲ, ಕಸಿ ಹೊಲಿಗೆ ಎಂದರೂ ಆಗದು ಎಂದೆ.

ಈಗ ನಾನು ಯಾರಿಗಾದರೂ ಕಾಲುಚೀಲದ ಮಾದರಿ ಬರೆದುಕೊಟ್ಟರೆ ಕೊನೆಯ ಸಾಲು ಹೀಗಿರುತ್ತದೆ: ‘ಅಂಚಿನ ಅಗಲದ ನಾಲ್ಕು ಪಟ್ಟು ನೂಲು ಬಿಟ್ಟು ಕತ್ತರಿಸಿ, 32 ಕುಣಿಕೆಗಳನ್ನು ಕಸಿ ಹೊಲಿಗೆಯಿಂದ ಕೂಡಿಸಿ. ಹಳೆಯ ಮಾದರಿಗಳಲ್ಲಿ ಇದನ್ನು ಕಿಚನರ್ ಸ್ಟಿಚ್ ಎಂದು ಬರೆದಿರುತ್ತಾರೆ.’